ಪುಂಡುಗಾರ ಚಾವಡಿ ಎಲ್ಲಿಗೆ ಹೋಯ್ತು?

ಹತ್ತೊಂಬತ್ತನೇ ಶತಮಾನದ ಕೊನೆಗೆ ಮೈಸೂರು ಸೀಮೆಯ ಜನಗಣತಿ, ಗೆಝೆಟಿಯರ್ ಬರೆದ ಅಧಿಕಾರಿಗಳು ಕಾಡು ಕುರುಬರ ಹಾಡಿಗಳ ಬಗ್ಗೆ ಒಂದು ಸಂಗತಿ ಬರೆದಿಟ್ಟಿದ್ದಾರೆ. ಹಾಡಿಯಲ್ಲಿ ಸಂಸಾರಸ್ಥರ ಗುಡಿಸಲುಗಳಲ್ಲದೆ ಇನ್ನೆರಡು ಗುಡಿಸಲು ಬೇರೆಯಾಗಿ ಇರುತ್ತಿದ್ದವಂತೆ. ಒಂದು ಮದುವೆಯಾಗದ ಹೆಣ್ಣುಮಕ್ಕಳಿಗೆ, ಇನ್ನೊಂದು ಮದುವೆಯಾಗದ ಹುಡುಗರಿಗೆ. ಹಾಡಿಗೆ ನೆಂಟರು ಬಂದರೆ ಗಂಡಸರು ಹುಡುಗರ ಚಾವಡಿಯಲ್ಲಿ, ಹೆಂಗಸರು ಹುಡುಗಿಯರ ಚಾವಡಿಯಲ್ಲಿ ಮಲಗುತ್ತಿದ್ದರು. ಹುಡುಗರ ಚಾವಡಿಗೆ ಪುಂಡುಗಾರ ಚಾವಡಿ ಅಂತ ಹೆಸರು. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇದನ್ನೇ ಎತ್ತಿ ಬರೆದ. ಬರೆದವರು ಇಂಗ್ಲಿಷಿನಲ್ಲಿ ಈ ಹೆಸರಿಗೆ ಕೊಟ್ಟ ಅರ್ಥ, ಅಲೆಮಾರಿ ಪೋಕರಿಗಳ ಬಿಡಾರ ಅಂತ.

ನಾವು ಈ ಹೆಸರಿನಿಂದಲೇ ಶುರು ಮಾಡುತ್ತೇವೆ. ಯಾಕೆಂದರೆ ಆದಿವಾಸಿ ಯುವಕರ ಚರಿತ್ರೆಯೆಲ್ಲ ಈ ಒಂದು ಹೆಸರಿನ ಭಾಷಾಂತರದಲ್ಲಿ ಅಡಗಿಕೊಂಡಿದೆ. ಹಾಡಿಯವರ ಬಾಯಲ್ಲಿ ಪುಂಡು ಅನ್ನುವುದು ಹರೆಯದ ಹುಡುಗರನ್ನು ಹಿರಿಯರು ಪ್ರೀತಿಯಿಂದ ಗದರುವ ಮಾತಾಗಿದ್ದಿರಬೇಕು. ಅದು ಸರ್ಕಾರದ ಕಾಗದದ ಮೇಲೆ ಬಂದ ಕೂಡಲೆ ಅಪರಾಧದ ವಾಸನೆ ಹೊಡೆಯತೊಡಗಿತು. ಅಂದಿನಿಂದ ಇಂದಿನವರೆಗೂ ಈ ಹುಡುಗರನ್ನು ನೋಡುವ ಕಣ್ಣು ಅದೇ. ಕಾಡಿನಲ್ಲಿ ಕಂಡರೆ ಕಳ್ಳಬೇಟೆಗಾರ, ತೋಟದಲ್ಲಿ ಕೂತರೆ ಸೋಮಾರಿ, ಶಾಲೆ ಬಿಟ್ಟರೆ ದಂಡಪಿಂಡ, ಸಂತೆಯಲ್ಲಿ ಸಿಕ್ಕರೆ ಕುಡುಕ. ಅವನನ್ನು 'ಸರಿ ಮಾಡುವುದಕ್ಕೆ' ಒಂದು ಕಾರ್ಯಕ್ರಮ!

ಪುಂಡುಗಾರ ಚಾವಡಿ ಅಂದರೆ ಏನಿತ್ತು ಅಲ್ಲಿ? ನಾಲ್ಕು ಬಿದಿರು ತಡಿಕೆ, ಮೇಲೆ ಹುಲ್ಲು, ನಡುವೆ ಬೆಂಕಿ. ಅಷ್ಟೇ. ಆದರೆ ಅದು ಹಾಡಿಯ ಒಳಗಿತ್ತು, ಅದನ್ನು ಕಟ್ಟಿದವರು ಹಾಡಿಯವರು, ಅದಕ್ಕೆ ಬೀಗ ಇರಲಿಲ್ಲ. ಎಲ್ಲಿ ಹೆಜ್ಜೇನು ಕಟ್ಟಿದೆ, ಯಾವ ಹಳ್ಳದಲ್ಲಿ ನೀರು ನಿಂತಿದೆ, ಯಾವ ದಾರಿಯಲ್ಲಿ ಒಂಟಿ ಸಲಗ ತಿರುಗುತ್ತಿದೆ ಅನ್ನುವುದನ್ನು ಹುಡುಗರು ಕಲಿಯಬೇಕಾದದ್ದು ಇಂಥ ಬೆಂಕಿಯ ಸುತ್ತಲೇ. ಮಧ್ಯಭಾರತದ ಬಸ್ತಾರಿನ ಮುರಿಯಾ ಗೊಂಡರಲ್ಲಿ ಘೋಟುಲ್ ಇತ್ತು. ಛೋಟಾನಾಗಪುರದ ಒರಾಂವರಲ್ಲಿ ಧುಮಕುರಿಯಾ ಇತ್ತು. ವೆರಿಯರ್ ಎಲ್ವಿನ್ 1947ರಲ್ಲಿ ಘೋಟುಲಿನ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದ. ಲೋಕಕ್ಕೆಲ್ಲ ಅದು ಗೊತ್ತಾಯ್ತು. ನಮ್ಮ ಕಬಿನಿ, ಲಕ್ಷ್ಮಣತೀರ್ಥದ ಕಾಡಿನ ಚಾವಡಿ ಮಾತ್ರ ಎರಡು ಸಾಲಿನಲ್ಲಿ ಹುಗಿದುಹೋಯ್ತು. ಯುವಜನ ಕೇಂದ್ರ ಅನ್ನುವುದನ್ನು ಸರ್ಕಾರ ಕಂಡುಹಿಡಿದು ಆದಿವಾಸಿಗೆ ಕೊಟ್ಟಿತು ಅಂತ ಭಾಷಣ ಮಾಡುವವರು ಮೊದಲು ಈ ಎರಡು ಸಾಲು ಓದಬೇಕು.

*

ಜೇನು ಕುರುಬರು, ಬೆಟ್ಟ ಕುರುಬರು ಮೈಸೂರು, ಕೊಡಗು ಅಂತ ಗಡಿ ನೋಡಿ ಬದುಕಿದವರಲ್ಲ. ಹೆಗ್ಗಡದೇವನಕೋಟೆ, ಹುಣಸೂರಿನ ಕಾಡು ಎಲ್ಲಿ ಮುಗಿದು ಕೊಡಗಿನ ತಿತಿಮತಿ, ನಾಗರಹೊಳೆಯ ಕಾಡು ಎಲ್ಲಿ ಶುರುವಾಗುತ್ತದೆ ಅನ್ನುವುದು ಅರಣ್ಯ ಇಲಾಖೆಯ ನಕ್ಷೆಗೆ ಗೊತ್ತು, ಜೇನಿಗೆ ಗೊತ್ತಿಲ್ಲ. ಆದರೆ ಕೊಡಗಿನಲ್ಲಿ ಇನ್ನೊಂದು ಜನ ಇದ್ದಾರೆ. ಎರವರು. ತಮ್ಮನ್ನು ರಾವುಳರು ಅಂದುಕೊಳ್ಳುವವರು. ಅವರ ಕತೆ ಬೇರೆ.

ಕೊಡಗಿನ ಚರಿತ್ರೆ ಅಂದರೆ ಹಾಲೇರಿ ಅರಸರು, 1834ರಲ್ಲಿ ಚಿಕ್ಕವೀರರಾಜೇಂದ್ರ ಪಟ್ಟ ಕಳಕೊಂಡದ್ದು, ಜಮ್ಮಾ ಭೂಮಿ, ಕೋವಿ, ಶೌರ್ಯ ಅಂತ ನಮಗೆ ಶಾಲೆಯಲ್ಲಿ ಕಲಿಸಿದರು. ಜಮ್ಮಾ ಅಂದರೆ ಭೂಮಿಯ ಹಕ್ಕು ಅಂತ ಮಾತ್ರ ಹೇಳಿದರು. ಆಳಿಗೂ ಜಮ್ಮಾ ಇತ್ತು ಅಂತ ಹೇಳಲಿಲ್ಲ. ಭೂಮಿ ಜಮ್ಮದ ಆಳು ಅಂದರೆ ಗದ್ದೆಗೆ ಅಂಟಿಕೊಂಡವನು, ಗದ್ದೆಯಿಂದ ಅವನನ್ನು ಬಿಡಿಸುವಂತಿಲ್ಲ. ಒಕ್ಕಲು ಜಮ್ಮದ ಆಳು ಅಂದರೆ ಧಣಿಯ ಮನೆತನದ ಸೊತ್ತು, ಬೇಕೆಂದಾಗ ಮಾರಬಹುದು. ಹೊಲೆಯರೂ ಎರವರೂ ಈ ನೊಗಕ್ಕೆ ಕತ್ತು ಕೊಟ್ಟವರು. 1870ರಲ್ಲಿ ಕೊಡಗಿನ ಕೈಪಿಡಿ ಬರೆದ ಪಾದ್ರಿ ರಿಕ್ಟರ್‌ನಂಥವರ ಬರಹಗಳಲ್ಲಿ ಈ ಆಳುತನದ ಸಂಗತಿ ದಾಖಲಾಗಿದೆ. ಕಂಪನಿ ಸರ್ಕಾರ 1843ರ ಐದನೇ ಕಾಯಿದೆಯಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದುಹಾಕಿತು. ಕಾಗದದಲ್ಲಿ ಆಳು ಬಿಡುಗಡೆಯಾದ. ಹನ್ನೊಂದು ವರ್ಷ ಕಳೆದು 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದಿತು. ಕಾಡು ಕಡಿಯಲು ಕೈ ಬೇಕು, ಗಿಡ ನೆಡಲು ಕೈ ಬೇಕು, ಹಣ್ಣು ಕುಯ್ಯಲು ಕೈ ಬೇಕು. ಬಿಡುಗಡೆಯಾದ ಆಳು ಮುಂಗಡದ ಆಳಾದ. ಜಮ್ಮದ ಹಗ್ಗ ಬಿಚ್ಚಿ ಸಾಲದ ಹಗ್ಗ ಕಟ್ಟಿದರು. ಆ ಹಗ್ಗವನ್ನು ಅಪರಾಧ ಅಂತ ಕರೆಯುವುದಕ್ಕೆ 1976ರ ಜೀತ ನಿರ್ಮೂಲನ ಕಾಯಿದೆಯವರೆಗೆ ಕಾಯಬೇಕಾಯ್ತು.

ತೋಟದ ಆಳಿಗೆ ಕೊಟ್ಟ ಮನೆ ಲೈನ್ ಮನೆ. ಒಂದೇ ಸೂರಿನಡಿ ಸಾಲು ಕೋಣೆ. ಒಂದು ಕೋಣೆಯಲ್ಲಿ ಒಂದು ಸಂಸಾರ, ಕೆಲವೊಮ್ಮೆ ಎರಡು. ಲೈನ್ ಮನೆ ಸಾವ್ಕಾರರದ್ದು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಅಂಗಳ ಸಾವ್ಕಾರರದ್ದು, ದಾರಿ ಸಾವ್ಕಾರರದ್ದು, ದಾರಿಗೆ ಗೇಟು ಇದ್ದರೆ ಅದೂ ಅವರದ್ದೇ. ಅಲ್ಲಿ ಚಾವಡಿ ಎಲ್ಲಿ ಕಟ್ಟೋದು? ಹತ್ತು ಹುಡುಗರು ಒಟ್ಟಿಗೆ ಕೂತರೆ 'ಏನ್ರೋ ಮೀಟಿಂಗು' ಅಂತ ರೈಟರ್ ಬಂದು ಕೇಳುತ್ತಾನೆ. ಅತ್ತ ಕೊಡವ ಒಕ್ಕಕ್ಕೆ ಐನ್‌ಮನೆ ಇದೆ. ಹಬ್ಬಕ್ಕೆ ಅಲ್ಲಿ ಸೇರುತ್ತಾರೆ, ಹಿರಿಯರ ಹೆಸರು ಹೇಳಿ ದೀಪ ಹಚ್ಚುತ್ತಾರೆ. ಬಿಳಿ ದೊರೆಗಳು ಪಾಲಿಬೆಟ್ಟದಲ್ಲಿ ಬ್ಯಾಂಬೂ ಕ್ಲಬ್ ಮಾಡಿಕೊಂಡರು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೈದಾನ ಇದೆ. ಯಾರಿಗೂ ಇರಬಾರದು ಅಂತ ನಾವು ಹೇಳುವುದಿಲ್ಲ. ಒಂದು ಜನ ಒಂದು ಜನವಾಗಿ ಉಳಿಯೋದಕ್ಕೆ ಸೇರುವ ಜಾಗ ಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು ಅಂತ ಹೇಳುತ್ತಿದ್ದೇವೆ. ಗೊತ್ತಿದ್ದೇ ಎರವರಿಗೆ ಅದನ್ನು ಕೊಡಲಿಲ್ಲ.

ಒಂದು ದಿನ ಮಾತ್ರ ಅವರಿಗೆ ಬಿಟ್ಟಿದ್ದರು. ಮೇ ತಿಂಗಳಲ್ಲಿ ಗೋಣಿಕೊಪ್ಪದ ಹತ್ತಿರ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬ. ಬೇಟೆಗೆ ಕರೆದುಕೊಂಡು ಬಂದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲಿ ಕೈಬಿಟ್ಟ ಅಂತ ಜೇನು ಕುರುಬರು, ಎರವರು ಅವತ್ತು ದೇವರನ್ನೇ ಬಯ್ಯುತ್ತಾರೆ. ಗಂಡಸರು ಸೀರೆ ಉಡುತ್ತಾರೆ, ಬಣ್ಣ ಬಳಿದುಕೊಳ್ಳುತ್ತಾರೆ, ಡಬ್ಬ ಬಡಿಯುತ್ತ ಬಸ್ಸು, ಕಾರು, ಅಂಗಡಿ ತಡೆದು ಕಾಸು ಕೇಳುತ್ತಾರೆ, ಎದುರಿಗೆ ಸಿಕ್ಕವರನ್ನು ಧಣಿ ದೊರೆ ಅನ್ನದೆ ಬಾಯಿಗೆ ಬಂದಂತೆ ಜರೆಯುತ್ತಾರೆ. ಪತ್ರಿಕೆಗಳಿಗೆ ಅದು ವರ್ಷಕ್ಕೊಂದು ಮೋಜಿನ ಫೋಟೋ. ನಮಗೆ ಅದರಲ್ಲಿ ಮೋಜು ಕಾಣುವುದಿಲ್ಲ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಬಾಯಿ ಮುಚ್ಚಿಸಿದ ಜನ ಒಂದು ದಿನ ಬಾಯಿ ಬಿಡುವುದಕ್ಕೆ ದೇವರ ಅಪ್ಪಣೆ ತಂದುಕೊಂಡಿದ್ದಾರೆ. ಮರುದಿನ ಬೆಳಿಗ್ಗೆ ಅದೇ ಲೈನ್ ಮನೆ, ಅದೇ ತೋಟ.

*

ಇನ್ನು ಕಾಡಿನ ಕಡೆ ಬರೋಣ. ಹಾಡಿಯ ಚಾವಡಿಯನ್ನು ಯಾರೂ ಒಂದು ದಿನ ಬಂದು ಕೆಡವಲಿಲ್ಲ. ಹಾಡಿಯನ್ನೇ ಕೆಡವಿದರು, ಚಾವಡಿ ತಾನಾಗಿ ಹೋಯ್ತು. ಬ್ರಿಟಿಷರು ಕಾಡನ್ನು ರಿಸರ್ವ್ ಮಾಡಿ ತೇಗದ ನೆಡುತೋಪು ಎಬ್ಬಿಸಿದರು. ಹಾಡಿಯ ಜನ ಆ ತೇಗಕ್ಕೆ ಕೂಲಿಯಾದರು, ಆನೆ ಶಿಬಿರಕ್ಕೆ ಮಾವುತ ಕಾವಾಡಿಯಾದರು. ದಸರೆಯ ಅಂಬಾರಿ ಆನೆ ನೋಡಿ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅದನ್ನು ಪಳಗಿಸಿದ ಜೇನು ಕುರುಬನ ಮನೆಗೆ ಹಕ್ಕುಪತ್ರ ಇದೆಯಾ ಅಂತ ಕೇಳೋದಿಲ್ಲ. 1955ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ, ನಾಗರಹೊಳೆ ಅಭಯಾರಣ್ಯವಾಯ್ತು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಎಪ್ಪತ್ತರ ದಶಕದಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟಿದಾಗ ಕಾಡಂಚಿನ ಹಾಡಿಗಳು ನೀರಿಗೆ ಹೋದವು. ಎಂಬತ್ತರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯ್ತು. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಒಂದೊಂದು ಬೋರ್ಡು ಬದಲಾದಾಗಲೂ ಒಂದಷ್ಟು ಹಾಡಿ ಕಾಡಿನಿಂದ ಹೊರಗೆ ಬಂತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ ನಾಗರಹೊಳೆಯಿಂದ ಎತ್ತಂಗಡಿಯಾದ ಕುಟುಂಬಗಳ ಲೆಕ್ಕ 3418.

ಹೊರಗೆ ಬಂದವರಲ್ಲಿ ಕೆಲವರಿಗೆ ಕಾಲೋನಿ ಸಿಕ್ಕಿತು, ಬಹುಪಾಲು ಜನ ಲೈನ್ ಮನೆಗೆ ಬಿದ್ದರು. ಕಾಲೋನಿ ಅಂದರೆ ದಾರದಲ್ಲಿ ಅಳೆದ ಸೈಟು, ಒಂದು ಸಂಸಾರಕ್ಕೆ ಒಂದು ಮನೆ. ಇಂಜಿನಿಯರ್ ನಕ್ಷೆಯಲ್ಲಿ ಮದುವೆಯಾಗದ ಹುಡುಗ ಹುಡುಗಿಯರಿಗೆ ಜಾಗವೇ ಇಲ್ಲ. ಅವರು ಅಪ್ಪ ಅಮ್ಮನ ಒಂದೇ ಕೋಣೆಯಲ್ಲಿ ಮುದುರಿಕೊಳ್ಳಬೇಕು, ಇಲ್ಲಾ ರಸ್ತೆಗೆ ಬರಬೇಕು. ರಸ್ತೆಗೆ ಬಂದ ಹುಡುಗನಿಗೆ ಸಾರಾಯಿ ಅಂಗಡಿ ಮಾತ್ರ 'ಬಾ ಕೂತ್ಕೋ' ಅಂದಿತು. ಆಮೇಲೆ ಆದಿವಾಸಿ ಯುವಕರು ಕುಡಿತಕ್ಕೆ ಬಿದ್ದಿದ್ದಾರೆ ಅಂತ ವಿಚಾರ ಸಂಕಿರಣ ಮಾಡಿದರು.

*

ಸರ್ಕಾರ ಚಾವಡಿಗೆ ಬದಲಾಗಿ ಕೊಟ್ಟದ್ದು ಆಶ್ರಮ ಶಾಲೆ. ಐದನೇ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಗಿರಿಜನ ಉಪಯೋಜನೆ ಬಂತು, ಕೊಡಗಿಗೂ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಬಂತು, ತಿತಿಮತಿಯಂಥ ಕಡೆ ಲ್ಯಾಂಪ್ಸ್ ಸೊಸೈಟಿ ಬಂತು. ಆಶ್ರಮ ಶಾಲೆಗಳು ಆರೇಳು ವರ್ಷದ ಮಕ್ಕಳನ್ನು ಹಾಡಿಯಿಂದ ತಂದು ಊಟ, ಬಟ್ಟೆ, ಮಣೆ ಕೊಟ್ಟವು. ಊಟ ಸಣ್ಣ ಮಾತಲ್ಲ. ಹಸಿದವರ ಮಕ್ಕಳಾದ ನಾವು ಊಟವನ್ನು ಹೀಗಳೆಯುವುದಿಲ್ಲ. ಆದರೆ ಅಲ್ಲಿ ಜೇನು ನುಡಿ ಇಲ್ಲ, ರಾವುಳ ಮಾತು ಇಲ್ಲ. ಮೊದಲ ದಿನದಿಂದ ಪುಸ್ತಕದ ಕನ್ನಡ. ನಮ್ಮ ಕನ್ನಡವೂ ಅಲ್ಲ, ಮೇಷ್ಟ್ರ ಕನ್ನಡ. ಕೇಳಿದ್ದು ತಿಳಿಯದೆ ಸುಮ್ಮನೆ ಕೂತ ಮಗುವಿಗೆ ದಡ್ಡ ಅಂತ ಹೆಸರು. ಬಹುತೇಕ ಶಾಲೆಗಳು ಐದನೇ ತರಗತಿಗೆ ನಿಲ್ಲುತ್ತವೆ. ಆರನೆಯದಕ್ಕೆ ದೂರದ ಊರು, ಬೇರೆ ಜಾತಿಯ ಮಕ್ಕಳ ನಡುವೆ. ನಡುವೆ ಡಿಸೆಂಬರಿನಿಂದ ಕಾಫಿ ಕುಯ್ಲು, ಆಮೇಲೆ ಕರಿಮೆಣಸು. ಅಪ್ಪ ಅಮ್ಮ ತೋಟದಿಂದ ತೋಟಕ್ಕೆ ಹೋದಾಗ ಮಗು ಹಿಂದೆ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ 'ಶಾಲೆ ಬಿಟ್ಟವರು' ಅನ್ನುತ್ತಾರೆ. ಶಾಲೆ ಮಗುವನ್ನು ಬಿಟ್ಟಿತು ಅಂತ ಬರೆಯುವ ಕಾಲಂ ಆ ಪುಸ್ತಕದಲ್ಲಿ ಇಲ್ಲ.

ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಕಿತ್ತುಕೊಂಡು ವಸತಿ ಶಾಲೆಗಳಲ್ಲಿ, ಮಿಷನ್‌ಗಳಲ್ಲಿ ಬೆಳೆಸಿದರು. ಎರಡೂ ದೇಶದ ಸರ್ಕಾರಗಳು 2008ರಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದವು. ನಮ್ಮ ಆಶ್ರಮ ಶಾಲೆ ಅದಲ್ಲ. ಇಲ್ಲಿ ಪೊಲೀಸು ಬಂದು ಮಕ್ಕಳನ್ನು ಎಳೆದೊಯ್ಯಲಿಲ್ಲ. ಇಲ್ಲಿ ಬಡತನವೇ ಎಳೆದೊಯ್ಯುತ್ತದೆ. ಆದರೆ ಒಂದು ಪಾಠ ಅಲ್ಲಿಂದ ಕಲಿಯಬಹುದು. ಕೆನಡಾದ ಪೇಟೆಗಳಿಗೆ ಬಂದು ಬಿದ್ದ ಮೂಲನಿವಾಸಿಗಳು 1950ರ ದಶಕದಿಂದ ತಮ್ಮದೇ ಸ್ನೇಹ ಕೇಂದ್ರಗಳನ್ನು ಕಟ್ಟಿಕೊಂಡರು. 1972ರ ಜನವರಿ 26ರಂದು ಆಸ್ಟ್ರೇಲಿಯಾದ ನಾಲ್ಕು ಜನ ಕರಿಯ ಯುವಕರು ಕ್ಯಾನ್‌ಬೆರಾದ ಪಾರ್ಲಿಮೆಂಟ್ ಭವನದ ಮುಂದಿನ ಹುಲ್ಲಿನ ಮೇಲೆ ಒಂದು ಛತ್ರಿ ನೆಟ್ಟು, ಇದು ನಮ್ಮ ರಾಯಭಾರ ಕಚೇರಿ ಅಂದರು. ಸ್ವಂತ ನೆಲದಲ್ಲಿ ಪರದೇಶಿಗಳಾದವರಿಗೆ ರಾಯಭಾರ ಕಚೇರಿ ಬೇಡವೆ?

*

ಈಗ ನಮ್ಮ ಕಡೆಗೇ ಬೆರಳು ತಿರುಗಿಸಿಕೊಳ್ಳಬೇಕು. ದಲಿತ ಚಳುವಳಿ ಎಲ್ಲಿ ಹುಟ್ಟಿತು? ಹಾಸ್ಟೆಲ್ಲುಗಳಲ್ಲಿ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಏಟು ತಿಂದದ್ದು, ತಿರುಗಿ ನಿಂತದ್ದು ಹಾಸ್ಟೆಲ್ ಹುಡುಗರು. ಹಾಸ್ಟೆಲ್ಲಿನ ಅನ್ನ ಹಳಸಿರುತ್ತಿತ್ತು, ತಿಗಣೆ ಕಚ್ಚುತ್ತಿತ್ತು. ಆದರೆ ರಾತ್ರಿ ದೀಪ ಆರಿದ ಮೇಲೆ ಮಾತು ನಮ್ಮದಾಗಿತ್ತು. ಬೇರೆ ಬೇರೆ ಕೇರಿಯಿಂದ ಬಂದ ನಮಗೆ ನಮ್ಮ ನೋವು ಒಂದೇ ಅಂತ ಗೊತ್ತಾದದ್ದು ಅಲ್ಲಿ. ಅಂಬೇಡ್ಕರ್ ಪುಸ್ತಕ ಕೈಯಿಂದ ಕೈಗೆ ಹೋದದ್ದು ಅಲ್ಲಿ. ಅದು ನಮ್ಮ ಪುಂಡುಗಾರ ಚಾವಡಿ.

ಐದನೇ ಕ್ಲಾಸಿಗೆ ಶಾಲೆ ಮುಗಿಯುವ ಎರವರ ಹುಡುಗನಿಗೆ ಆ ರಾತ್ರಿ ಸಿಗಲೇ ಇಲ್ಲ. ಹತ್ತು ವರ್ಷದ ಮಗು ಚಳುವಳಿ ಕಟ್ಟಲಾರದು. ಹದಿನಾರು, ಹದಿನೆಂಟರ ವಯಸ್ಸಿಗೆ ಅವನು ತೋಟದಲ್ಲಿ ಒಂಟಿ. ಇದು ನಮಗೆ ಯಾಕೆ ಹೊಳೆಯಲಿಲ್ಲ? ನಾವು ಹಾಡಿಗೆ ಹೋದಾಗಲೂ ವೇದಿಕೆ ಹಾಕಿದೆವು, ನಮ್ಮ ಹಾಡು ಹಾಡಿದೆವು, ನಮ್ಮ ಕನ್ನಡದಲ್ಲಿ ಭಾಷಣ ಮಾಡಿ ಕೊನೇ ಬಸ್ಸಿಗೆ ವಾಪಸ್ಸು ಬಂದೆವು. ರಾತ್ರಿ ಉಳಿದವರು ಕಡಿಮೆ. ಅವರ ಮಾತು ಕಲಿತವರು ಇನ್ನೂ ಕಡಿಮೆ. ಈ ತಪ್ಪು ಒಪ್ಪಿಕೊಳ್ಳದೆ ಬೇರೆಯವರ ತಪ್ಪು ಎಣಿಸುವ ಹಕ್ಕು ನಮಗಿಲ್ಲ.

ನಾವು ಕಾಯದೆ ಅವರೇ ಎದ್ದರು. ನಾಗರಹೊಳೆಯ ಕಾಡಿನೊಳಗೆ ಮೂರ್ಕಲ್ಲಿನಲ್ಲಿ ತಾಜ್ ಗುಂಪಿನ ಐಷಾರಾಮಿ ಹೋಟೆಲು ಏಳುವುದಿತ್ತು. ಗೆಡ್ಡೆ ಅಗೆದರೆ ಕೇಸು, ಹೋಟೆಲು ಕಟ್ಟಿದರೆ ಗುತ್ತಿಗೆ! 1996ರಲ್ಲಿ ಹಾಡಿಗಳ ಜನ ಅದರ ವಿರುದ್ಧ ಬೀದಿಗಿಳಿದರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಅಂದಿತು. ಬುಡಕಟ್ಟು ಕೃಷಿಕರ ಸಂಘದಂಥ ಸಂಘಟನೆಗಳಲ್ಲಿ ಹಾಡಿಯ ಯುವಕರು ಸಭೆ ನಡೆಸುವುದು, ಮನವಿ ಬರೆಯುವುದು, ಅಧಿಕಾರಿಯ ಮುಂದೆ ಕುರ್ಚಿ ಎಳೆದು ಕೂರುವುದು ಕಲಿತರು. ಯಾವ ಯುವಜನ ಮೇಳದಲ್ಲೂ ಅದನ್ನು ಕಲಿಸಿರಲಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿ. ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ 577 ಕುಟುಂಬಗಳ ಗುಡಿಸಲನ್ನು ಅರಣ್ಯ ಇಲಾಖೆ ಜೆಸಿಬಿ ತಂದು ನೆಲಸಮ ಮಾಡಿತು. ಜೆ. ಕೆ. ಮುತ್ತಮ್ಮ ಮುಂದೆ ನಿಂತು ಹೋರಾಟ ನಡೆಸಿದರು. ಮರ ಹತ್ತಿ ಪ್ರತಿಭಟಿಸಿದ ಆ ಹೆಣ್ಣುಮಗಳನ್ನು ನಾಡೆಲ್ಲ ನೋಡಿತು. ನಮ್ಮ ಸಂಘಟನೆಗಳೂ ಹೋದವು, ಎಡಪಕ್ಷದವರೂ ಬಂದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟರು. ದಿಡ್ಡಳ್ಳಿಯ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬೆಂಕಿ ಸುತ್ತ ಕೂತ ಹುಡುಗ ಹುಡುಗಿಯರಿಗೆ ಬೇರೆ ಬೇರೆ ತೋಟದ ಲೈನ್ ಮನೆಯವರು ಮೊದಲ ಸಲ ಒಂದೇ ಕಡೆ ಸಿಕ್ಕಿದ್ದರು. ಅಲ್ಲಿ ಚಾವಡಿ ಮತ್ತೆ ಹುಟ್ಟಿತ್ತು. 2025ರ ಮೇ 5ರಂದು ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನು ಕುರುಬ ಕುಟುಂಬಗಳು ನಾಲ್ಕು ದಶಕದ ಹಿಂದೆ ತಮ್ಮನ್ನು ಹೊರಹಾಕಿದ್ದ ನಾಗರಹೊಳೆಯ ಕಾಡಿಗೇ ಮರಳಿ ಹೋಗಿ ಗುಡಿಸಲು ಕಟ್ಟಲು ನಿಂತವು. ಹಿರಿಯರ ಸಮಾಧಿ, ದೇವರ ಜಾಗ ಅಲ್ಲೇ ಇದೆ ಅಂದವು.

*

ಇಷ್ಟೆಲ್ಲ ಹೇಳಿದ್ದು ಯಾತಕ್ಕೆ? ಆದಿವಾಸಿ ಯುವಕರಿಗೆ ಕಾರ್ಯಕ್ರಮಗಳ ಕೊರತೆ ಇಲ್ಲ. 1972ರಿಂದ ನೆಹರು ಯುವ ಕೇಂದ್ರಗಳು ಬಂದವು. ಯುವಕ ಸಂಘಕ್ಕೆ ವಾಲಿಬಾಲು, ಕೇರಂ ಬೋರ್ಡು ಬಂತು. ಹೊಲಿಗೆ ತರಬೇತಿ, ವ್ಯಕ್ತಿತ್ವ ವಿಕಸನ ಶಿಬಿರ ಬಂತು. ಶಿಬಿರ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಕೆಲಸದ ದಿನ. ಹಾಡಿಯವನು ಆವತ್ತಿನ ಕೂಲಿ ಬಿಟ್ಟು ಹೋಗಬೇಕು, ಸಂಜೆ ಆನೆ ದಾಟುವ ದಾರಿಯಲ್ಲಿ ನಡೆದು ಬರಬೇಕು. ಅವನು ಬರಲಿಲ್ಲ ಅಂದರೆ ಅವರಿಗೇ ಆಸಕ್ತಿ ಇಲ್ಲ ಅಂತ ವರದಿ. ಸಮುದಾಯ ಭವನ ಕಟ್ಟಿದ ಕಡೆ ಕಲ್ಲಿನ ಮೇಲೆ ಮಂತ್ರಿಯ ಹೆಸರು, ಬೀಗದ ಕೈ ಪಂಚಾಯ್ತಿಯಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಪಿಎಂ-ಜನ್‌ಮನ್ ಅಂತ ಯೋಜನೆ ತಂದು ದೇಶದಲ್ಲಿ ಸಾವಿರ ಬಹೂಪಯೋಗಿ ಕೇಂದ್ರ ಕಟ್ಟುತ್ತೇವೆ ಅಂದಿತು. ಅದು ವಿಶೇಷ ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನು ಕುರುಬರು ಮತ್ತು ಕೊರಗರು. ಎರವರು ಇಲ್ಲ. ಒಂದೇ ಲೈನ್ ಮನೆಯ ಎರಡು ಕೋಣೆಯಲ್ಲಿ ಒಬ್ಬ ಪಟ್ಟಿಯ ಒಳಗೆ, ಒಬ್ಬ ಹೊರಗೆ!

ಹಾಗಾದರೆ ದಾರಿ ಯಾವುದು? ಕಾನೂನೇ ಒಂದು ಬಾಗಿಲು ತೆರೆದಿಟ್ಟಿದೆ, ಅದನ್ನು ಹಾಡಿಗೆ ಯಾರೂ ಓದಿ ಹೇಳಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೇ ಸೆಕ್ಷನ್ನಿನ ಎರಡನೇ ಉಪವಿಧಿ ನೋಡಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗ ಬಿಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಆ ಪಟ್ಟಿಯ ಹದಿಮೂರನೆಯದು ಸಮುದಾಯ ಕೇಂದ್ರ. ಅಂದರೆ ಹಾಡಿಯ ಗ್ರಾಮಸಭೆ ಕೂತು, ನಮಗೆ ನಮ್ಮ ಚಾವಡಿ ಬೇಕು ಅಂತ ಬರೆದು ಕೇಳಬಹುದು. ಅದು ಭಿಕ್ಷೆಯಲ್ಲ, ಅರ್ಜಿಯ ಹಿಂದೆ ಕಾಯಿದೆ ಇದೆ. ಲೈನ್ ಮನೆಯವರಿಗೆ ಈ ಬಾಗಿಲೂ ಇಲ್ಲ, ಯಾಕೆಂದರೆ ಅವರ ಕಾಲ ಕೆಳಗಿನ ನೆಲ ಕಾಡೂ ಅಲ್ಲ, ಅವರದ್ದೂ ಅಲ್ಲ. ಅವರಿಗೆ ಮೊದಲು ನಿವೇಶನ, ಆಮೇಲೆ ಚಾವಡಿ. ಆದ್ದರಿಂದ ಭೂಮಿಯ ಪ್ರಶ್ನೆ ಬಿಟ್ಟು ಯುವಜನ ಕಾರ್ಯಕ್ರಮದ ಮಾತಾಡುವವರನ್ನು ನಾವು ನಂಬುವುದಿಲ್ಲ.

ಹಳೇ ಚಾವಡಿಯನ್ನು ಹಾಗೇ ತಂದು ಕಟ್ಟಿ ಅಂತಲೂ ನಾವು ಹೇಳುತ್ತಿಲ್ಲ. ಇವತ್ತಿನ ಹುಡುಗಿ ಬೇರೆ ಗುಡಿಸಲಲ್ಲಿ ಕೂರಬೇಕಾಗಿಲ್ಲ, ಅವಳೂ ಅದೇ ಚಾವಡಿಯ ಒಡತಿ. ಅಲ್ಲಿ ಪುಸ್ತಕ ಇರಲಿ, ಕಂಪ್ಯೂಟರೂ ಇರಲಿ, ಹಕ್ಕುಪತ್ರದ ಅರ್ಜಿಯೂ ಇರಲಿ. ಜೇನು ನುಡಿಯ, ರಾವುಳರ ಮಾತಿನ ಕತೆ ಹೇಳುವ ಅಜ್ಜಿಗೆ ಮೇಷ್ಟ್ರಿಗೆ ಕೊಡುವಷ್ಟೇ ಮರ್ಯಾದೆ, ಸಂಬಳ ಸಿಗಲಿ. ಕುಯ್ಲಿನ ಕಾಲದಲ್ಲಿ ರಾತ್ರಿ ತೆರೆದಿರಲಿ. ಹಾಡಿಯ ಒಳಗೇ ಇರಲಿ.

ಗೆಳೆಯರೆ, ಮುಂದಿನ ಸಲ ಹಾಡಿಗೆ ಹೋದಾಗ ಮೈಕು ಬಿಟ್ಟು ಹೋಗೋಣ. ಕೊನೇ ಬಸ್ಸು ಹೋಗಲಿ ಬಿಡಿ. ಕೇಳಿಸಿಕೊಳ್ಳುವುದಕ್ಕೆ ಒಂದು ರಾತ್ರಿ ಇರೋಣ. ಮತ್ತು ಸರ್ಕಾರದ ಮುಂದೆ ಒಂದೇ ಒಂದು ಮಾತಿಟ್ಟು ಹಟ ಹಿಡಿಯೋಣ. ಭವನ ಎಷ್ಟು ಕಟ್ಟಿದಿರಿ ಅಂತ ನಾವು ಕೇಳುವುದಿಲ್ಲ. ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕೇಳುತ್ತೇವೆ.